ದೂರದವರಿಗೆ ಸಹನೆ, ಹತ್ತಿರದವರಿಗೆ ಸಿಡುಕು

ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ 15ರಷ್ಟು ಎಂಬಿಬಿಎಸ್ ಸೀಟು ಅಖಿಲ ಭಾರತ ಕೋಟಾಕ್ಕೆ ಸೇರಿದ್ದು. ಹಾಗಾಗಿ ಮಂಡ್ಯದ ವೈದ್ಯಕೀಯ ಕಾಲೇಜಾದ ಮಿಮ್ಸ್‌ಗೆ ಹೊರರಾಜ್ಯದ ಮಕ್ಕಳೂ ಬರುತ್ತಾರೆ. ವಿ.ಸಿ. ಫಾರಂನ ಕೃಷಿ ಕಾಲೇಜಿಗೆ ಅವರು ಬರಲು ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಕೋಟಾದ ದಾರಿಯಿದೆ. ಇತ್ತ ಮಂಡ್ಯ ವಿಶ್ವವಿದ್ಯಾಲಯಕ್ಕೂ ಸುತ್ತಲಿನ ಪದವಿ ಕಾಲೇಜುಗಳಿಗೂ ಮದ್ದೂರು, ಮಳವಳ್ಳಿಯ ಹಳ್ಳಿಗಳಿಂದ ಬಸ್ಸು ಹತ್ತಿ ಬರುವವರಲ್ಲಿ ಮನೆಗೆ ಮೊದಲ ಪದವೀಧರರಾಗಲಿರುವವರು ಬಹಳ. ಈ ಎರಡೂ ಬಗೆಯ ಹೊಸಬರನ್ನು ಬಹುತೇಕ ಕಾಲೇಜುಗಳಲ್ಲಿ ಮೇಷ್ಟರಿಗಿಂತ ಮೊದಲು ಮಾತಾಡಿಸುವವರು ಕಚೇರಿಯ ಗುಮಾಸ್ತರಾದ ಎಸ್‌ಡಿಎ, ಎಫ್‌ಡಿಎಗಳು.

ದೂರದಿಂದ ಬಂದವರ ವಿಷಯದಲ್ಲಿ ನಮ್ಮ ಗುಮಾಸ್ತರ ನಡವಳಿಕೆಗೆ ಒಳ್ಳೆಯ ಅಂಕ ಕೊಡಬೇಕು. ಸಿನಿಮಾ ನೋಡಿ ಕಲಿತ ಹಿಂದಿಯಲ್ಲೇ ‘ಬೈಠೋ ಬೇಟಾ’ ಎಂದು ಕೂರಿಸಿ, ಚಲನ್ ತುಂಬಿಸಿ, ಊಟದ ಮೆಸ್ಸನ್ನೂ ತೋರಿಸಿಕೊಡುವವರಿದ್ದಾರೆ. ಇದು ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಆದರೆ ಅದೇ ಕಿಟಕಿಗೆ ಪಂಚೆಯುಟ್ಟ ಅಪ್ಪನೊಬ್ಬ ಮಗಳ ಜೊತೆ ಬಂದು ನಿಂತರೆ ದನಿ ಬದಲಾಗುತ್ತದೆ: ‘ನಾಳಿಕ್ ಬಾರಯ್ಯ, ಸಾಹೇಬ್ರಿಲ್ಲ.’

ಹೆಸರಿನ ಕಾಲಂ ಒಂದನ್ನೇ ನೋಡಿ. ಈ ಭಾಗದ ಎಷ್ಟೋ ಮನೆಗಳಲ್ಲಿ ಹೆಸರಿಗೆ ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಆನ್‌ಲೈನ್ ಅರ್ಜಿ ‘ಲಾಸ್ಟ್ ನೇಮ್’ ಬೇಕೆಂದು ಹಟ ಹಿಡಿಯುತ್ತದೆ. ಹೆಸರು ತಾಳೆಯಾಗದಿದ್ದರೆ ‘ಅಫಿಡವಿಟ್ ಮಾಡಿಸ್ಕೊಂಡ್ ಬಾ’ ಎಂಬ ಅಪ್ಪಣೆ. ಛಾಪಾ ಕಾಗದ, ನೋಟರಿ, ಜೆರಾಕ್ಸ್ ಎಂದು ಅಲೆದು ಅಪ್ಪನ ಒಂದು ದಿನದ ಕೂಲಿ ಹೋಯಿತು. ಅಫಿಡವಿಟ್ ಕೇಳುವ ಗುಮಾಸ್ತನ ಹೆಸರೂ ಅನೇಕ ವೇಳೆ ಇದೇ ರೀತಿಯದು. ಪರಊರಿನ ಹುಡುಗನಿಗಾಗಿ ನಿಯಮವನ್ನು ಬಿಡಿಸಿ ಹೇಳುವವನು ತನ್ನ ಸೀಮೆಯವನ ಮುಂದೆ ನಿಯಮದ ಹಿಂದೆ ಅಡಗುತ್ತಾನೆ.

ಇದನ್ನು ಬರಿಯ ದುರಹಂಕಾರ ಎನ್ನಲಾಗದು. ಹೊರಗಿನವನಿಗೆ ತಿಳಿಯದು ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ನಮ್ಮವನಿಗೆ ಎಲ್ಲ ತಿಳಿದಿರಬೇಕು ಎಂದುಕೊಳ್ಳುತ್ತೇವೆ. ಇಂಗ್ಲಿಷ್ ಅರ್ಜಿ, ಒಟಿಪಿ, ಪೋರ್ಟಲ್‌ಗಳ ಮುಂದೆ ಹಲಗೂರು ಕಡೆಯ ಹುಡುಗಿಯೂ ಹೊರಗಿನವಳೇ ಎಂಬುದು ಹೊಳೆಯುವುದಿಲ್ಲ. ಸಂಸ್ಥೆಗಳ ಕಣ್ಣೂ ಹೊರಗಿನವರ ಮೇಲೆಯೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿದೇಶಿ ವಿದ್ಯಾರ್ಥಿಗಳಿರುವ ಕಡೆ ಅವರಿಗೆಂದೇ ಪ್ರತ್ಯೇಕ ಕಚೇರಿ ಇರಬೇಕೆನ್ನುತ್ತದೆ. ಇನ್ನು ಸಿಬ್ಬಂದಿಯ ತರಬೇತಿಯ ಮಾತು. ಯೂರೋಪಿನ ಎರಾಸ್ಮಸ್ ಯೋಜನೆ ಬೋಧಕೇತರ ಸಿಬ್ಬಂದಿಯನ್ನೂ ಪರದೇಶದ ವಿಶ್ವವಿದ್ಯಾಲಯಗಳಿಗೆ ತರಬೇತಿಗೆ ಕಳಿಸುತ್ತದೆ. ನಮ್ಮಲ್ಲಿ ತರಬೇತಿಯೆಂದರೆ ಹೆಚ್ಚಾಗಿ ಕೆಸಿಎಸ್‌ಆರ್, ಎಚ್‌ಆರ್‌ಎಂಎಸ್, ಖಜಾನೆ-2, ಅಂದರೆ ಸೇವಾ ನಿಯಮ, ಸಂಬಳದ ಲೆಕ್ಕ, ಖಜಾನೆಯ ತಂತ್ರಾಂಶ. ಕಡತ ಸಾಗಿಸುವುದಕ್ಕೆ ಅದು ಸಾಕು, ಕಿಟಕಿಯಾಚೆ ನಿಂತವರೊಡನೆ ವ್ಯವಹರಿಸಲು ಸಾಲದು.

ಈಗಿರುವ ಸೌಜನ್ಯದ ದೊಡ್ಡ ಕೊರತೆ, ಅದು ಕುರ್ಚಿಯದ್ದಲ್ಲ, ಕೂತವರದ್ದು. ಒಳ್ಳೆಯ ಗುಮಾಸ್ತ ವರ್ಗವಾದರೆ ಅದೂ ಅವನ ಜೊತೆಗೇ ಹೋಗುತ್ತದೆ. ಕನ್ನಡ-ಇಂಗ್ಲಿಷ್ ಎರಡರಲ್ಲೂ ಅರ್ಜಿ, ಯಾವ ಕೆಲಸಕ್ಕೆ ಯಾವ ದಾಖಲೆ ಎಂದು ಗೋಡೆಗೆ ಅಂಟಿಸಿದ ಒಂದು ಹಾಳೆ, ಇನಿಷಿಯಲ್ ವ್ಯತ್ಯಾಸವನ್ನು ಕಚೇರಿಯಲ್ಲೇ ದೃಢೀಕರಿಸುವ ಅಧಿಕಾರ: ಇವಕ್ಕೆ ದೊಡ್ಡ ಅನುದಾನವೇನೂ ಬೇಡ. ‘ಬೈಠೋ ಬೇಟಾ’ ಎನ್ನುವ ಬಾಯಿಗೆ ‘ಕೂತ್ಕೊಳ್ಳಿ ಯಜಮಾನ್ರೆ’ ಎನ್ನುವುದು ಕಷ್ಟವಲ್ಲ. ಅದು ರೂಢಿಯಾಗುವವರೆಗೆ ನಮ್ಮ ಕಚೇರಿಗಳ ಅತಿಥಿ ಸತ್ಕಾರಕ್ಕೆ ಅರ್ಧದಷ್ಟು ಅಂಕಕ್ಕಿಂತ ಹೆಚ್ಚು ಕೊಡಲಾಗದು.