ಮೆಟ್ನರನ ಸಂಗೀತ ಮತ್ತು ಮೈಸೂರಿನ ಆಶ್ರಯ

ಸಂಗೀತದಲ್ಲಿ ಪ್ರಸಿದ್ಧಿಯನ್ನೇ ಯೋಗ್ಯತೆಯ ಅಳತೆಗೋಲೆಂದು ಭಾವಿಸುವುದು ಎಷ್ಟು ತಪ್ಪೋ, ಉಪೇಕ್ಷೆಯನ್ನು ಹಿರಿಮೆಯ ಕುರುಹೆಂದು ಎಣಿಸುವುದೂ ಅಷ್ಟೇ ತಪ್ಪು. ಈ ಎರಡು ಭ್ರಮೆಗಳನ್ನೂ ಬದಿಗಿರಿಸಿ, ರಷ್ಯದ ನಿಕೊಲಾಯ್ ಮೆಟ್ನರನ (1880–1951) ರಚನೆಗಳನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಮೆಟ್ನರನೂ ಜಗದ್ವಿಖ್ಯಾತನಾದ ಸೆರ್ಗೈ ರಾಖ್ಮಾನಿನಾಫನೂ (1873–1943) ಮಾಸ್ಕೋದ ಒಂದೇ ಸಂಗೀತ ವಿದ್ಯಾಲಯದಲ್ಲಿ ಕಲಿತವರು; ಆಪ್ತಮಿತ್ರರು. ರಾಖ್ಮಾನಿನಾಫನು ತನ್ನ ನಾಲ್ಕನೆಯ ಪಿಯಾನೋ ಕನ್ಚೆರ್ಟೊವನ್ನು ಮೆಟ್ನರನಿಗೂ, ಮೆಟ್ನರನು ತನ್ನ ಎರಡನೆಯದನ್ನು ರಾಖ್ಮಾನಿನಾಫನಿಗೂ ಅರ್ಪಿಸಿದರು. ಆದರೆ ಈ ಸ್ನೇಹವೇ ಹೋಲಿಕೆಗೆ ಎಡೆಮಾಡಿತು; ಹೋಲಿಕೆಯಲ್ಲಿ ಮೆಟ್ನರನು ಮಸುಕಾದನು. ರಾಖ್ಮಾನಿನಾಫನ ದೀರ್ಘವಾದ ರಾಗಧಾರೆ ಮೊದಲ ಸಲಕ್ಕೇ ಕೇಳುಗನನ್ನು ಸೆಳೆಯುತ್ತದೆ. ಮೆಟ್ನರನಲ್ಲಿ ಬೀಜರೂಪದ ಚಿಕ್ಕ ಸ್ವರವಾಕ್ಯಗಳೇ ಮುಖ್ಯ. ಅವುಗಳ ಬೆಳವಣಿಗೆಯಲ್ಲಿ ರಸವಿದೆ. ಮೇಲಾಗಿ ಅವನು ಪಿಯಾನೋ ಇಲ್ಲದ ಕೃತಿಯನ್ನೇ ರಚಿಸಲಿಲ್ಲ. 14 ಸೊನಾಟಾಗಳು, 3 ಕನ್ಚೆರ್ಟೊಗಳು, ನೂರಕ್ಕೂ ಮಿಕ್ಕ ಗೀತೆಗಳು ಇವೆ. ಸಿಂಫೊನಿ ಇಲ್ಲ, ಆಪೆರಾ ಇಲ್ಲ.

ಅವನ ‘ಸೊನಾಟಾ ರೆಮಿನಿಸೆಂಟ್ಸಾ’ವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆರಂಭದ ಮೃದುವಾದ ಸ್ವರಪಂಕ್ತಿ ನಡುವೆ ಒಮ್ಮೆ, ಕೊನೆಗೆ ಮತ್ತೊಮ್ಮೆ ಮರಳುತ್ತದೆ. ಇದು ನಮ್ಮ ಪಲ್ಲವಿಯನ್ನು ನೆನಪಿಗೆ ತರುತ್ತದೆ. ಆದರೆ ಭೇದವೂ ಗಮನಾರ್ಹ. ಪಲ್ಲವಿಯು ಸಂಗತಿಗಳಿಂದ ಪುಷ್ಟಿಗೊಳ್ಳುತ್ತದೆ; ಈ ಪಂಕ್ತಿಯಾದರೋ ಹೆಚ್ಚು ಬದಲಾಗದೆ ಹಿಂದಿರುಗುತ್ತದೆ. ನಡುವೆ ನಡೆದ ಸಂಘರ್ಷವನ್ನು ಕೇಳಿ ಬದಲಾಗಿರುವವನು ಶ್ರೋತೃವೇ. ಸ್ಮೃತಿಯೆಂಬ ವಸ್ತುವಿಗೆ ಇದಕ್ಕಿಂತ ಉಚಿತವಾದ ಬಂಧವನ್ನು ಊಹಿಸುವುದು ಕಷ್ಟ.

ದೋಷಗಳನ್ನು ಮರೆಮಾಚಲಾಗದು. ನೇಯ್ಗೆ ಹಲವೆಡೆ ಅತಿಯಾಗಿ ಒತ್ತಾಗಿದ್ದು ಕಿವಿಗೆ ವಿಶ್ರಾಂತಿ ದೊರೆಯುವುದಿಲ್ಲ. ಕನ್ಚೆರ್ಟೊಗಳಲ್ಲಿ ವಾದ್ಯವೃಂದವು ಪಿಯಾನೋಗೆ ಸರಿಸಾಟಿಯಾಗಿ ನಿಲ್ಲುವುದು ವಿರಳ. ಆದರೂ ಇವು ಪುನಃ ಪುನಃ ಕೇಳಿದವನು ಹೇಳಬೇಕಾದ ಮಾತುಗಳು. ಒಮ್ಮೆ ಕೇಳಿ ಕೈಬಿಟ್ಟವನಿಗೆ ಆ ಅಧಿಕಾರವಿಲ್ಲ.

ಪುನಃ ಕೇಳುವ ಈ ಅವಕಾಶವನ್ನು ಒದಗಿಸಿದುದು ಮೈಸೂರು. 1921ರಲ್ಲಿ ತಾಯ್ನಾಡನ್ನು ತೊರೆದ ಮೆಟ್ನರನು ಕಡೆಗೆ ಲಂಡನ್ನಿನಲ್ಲಿ ನೆಲೆಸಿದ್ದನು. 1940ರ ದಶಕದ ಉತ್ತರಾರ್ಧದಲ್ಲಿ, ವೃದ್ಧಾಪ್ಯ ಮತ್ತು ಅನಾರೋಗ್ಯಗಳ ನಡುವೆ, ಅವನೇ ನುಡಿಸಿದ ಕೃತಿಗಳ ಧ್ವನಿಮುದ್ರಣಕ್ಕೆ ಜಯಚಾಮರಾಜ ಒಡೆಯರು (1919–1974) ಧನಸಹಾಯವಿತ್ತರು. ಮೂರು ಕನ್ಚೆರ್ಟೊಗಳೂ ಹೀಗೆ ಉಳಿದುವು. ಮೂರನೆಯದು ಒಡೆಯರಿಗೇ ಅರ್ಪಿತವಾಗಿದೆ. ಆಶ್ರಯದಾತರು ಕೀರ್ತಿಯನ್ನು ಕೊಳ್ಳಲಾರರು, ಆದರೆ ಸಾಕ್ಷ್ಯವನ್ನು ಉಳಿಸಬಲ್ಲರು. ಮೆಟ್ನರನು ಗತಿಸಿದ ಮೇಲೆ ದಶಕಗಳ ಕಾಲ ಕಚೇರಿಗಳಲ್ಲಿ ವಿರಳವಾಗಿದ್ದ ಅವನ ಸೊನಾಟಾಗಳನ್ನು 20ನೆಯ ಶತಮಾನದ ಅಂತ್ಯದಲ್ಲಿ ಹೊಸ ಪೀಳಿಗೆಯ ವಾದಕರು ಮತ್ತೆ ಕೈಗೆತ್ತಿಕೊಂಡರು. ಆಗ ಕೃತಿಕಾರನ ಸ್ವಂತ ವಾದನವು ಅವರ ಮುಂದೆ ಪ್ರಮಾಣವಾಗಿ ಇದ್ದಿತು.

ಒಡೆಯರೂ ವಾಗ್ಗೇಯಕಾರರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ತ್ಯಾಗರಾಜ, ದೀಕ್ಷಿತ, ಶ್ಯಾಮಾಶಾಸ್ತ್ರಿಗಳ ಕೀರ್ತಿಯ ನೆರಳಿನಲ್ಲಿ ಇವುಗಳನ್ನು ಅಳೆಯುವುದು ಸುಲಭ. ಅರಸನ ರಚನೆಗಳೆಂದು ಹೊಗಳುವುದು ಇನ್ನೂ ಸುಲಭ. ಮೆಟ್ನರನಿಗೆ ಒಡೆಯರು ಸಲ್ಲಿಸಿದ ನ್ಯಾಯವನ್ನು ಅವರ ಕೃತಿಗಳಿಗೂ ನಾವು ಸಲ್ಲಿಸಬೇಕು: ಮೊದಲು ಹಾಡಬೇಕು, ಮತ್ತೆ ಮತ್ತೆ ಕೇಳಬೇಕು, ಆಮೇಲೆ ಬೆಲೆಕಟ್ಟಬೇಕು. ನಮ್ಮ ಅಧ್ಯಾಪಕರಿಂದಲೂ ವಿದ್ಯಾರ್ಥಿಗಳಿಂದಲೂ ಈ ಕಾರ್ಯವನ್ನು ನಿರೀಕ್ಷಿಸುತ್ತೇವೆ.