ಪಿಟ್ಯುಟರಿ ಗಡ್ಡೆ: ಶಸ್ತ್ರವೂ ಕಿರಣವೂ

ಕಪಾಲದ ತಳದಲ್ಲಿ, ಮೂಗಿನ ಹಿಂಬದಿಯ ಎಲುಬಿನ ಕುಳಿಯೊಳಗೆ ಬಟಾಣಿಕಾಳಿನಷ್ಟೇ ಗಾತ್ರದಿಂದ ಅಡಗಿರುವ ಪಿಟ್ಯುಟರಿ ಗ್ರಂಥಿಯು ದೇಹದ ಬೆಳವಣಿಗೆಯನ್ನೂ ಸಂತಾನಶಕ್ತಿಯನ್ನೂ ಇತರ ಗ್ರಂಥಿಗಳ ವ್ಯಾಪಾರವನ್ನೂ ನಿಯಮಿಸುವಂಥದಾದುದರಿಂದ, ಮತ್ತು ದೃಷ್ಟಿನರಗಳು ಅದರ ನೆತ್ತಿಯ ಮೇಲೆಯೇ ಹಾದುಹೋಗುವುದರಿಂದ, ಅಲ್ಲಿ ಹುಟ್ಟುವ ಗಡ್ಡೆಯು ಬಹುಮಟ್ಟಿಗೆ ಸೌಮ್ಯಜಾತಿಯದಾದರೂ ಅದರ ಚಿಕಿತ್ಸೆ ಎಂದಿಗೂ ಸುಲಭವಾದುದಲ್ಲ.

1907ರಲ್ಲಿ ಇನ್ಸ್‌ಬ್ರುಕ್ಕಿನ ಶಸ್ತ್ರವೈದ್ಯ ಶ್ಲೋಫರ್ ಮೂಗಿನ ಮಾರ್ಗದಿಂದ ಈ ಗಡ್ಡೆಯನ್ನು ಮುಟ್ಟಿದನು. ಅಮೆರಿಕದ ಹಾರ್ವೆ ಕುಶಿಂಗ್ ಆ ಮಾರ್ಗವನ್ನು ಪರಿಷ್ಕರಿಸಿ, ಪ್ರತಿಜೈವಿಕ ಔಷಧಗಳಿಲ್ಲದ ಆ ಕಾಲದಲ್ಲಿಯೂ 231 ರೋಗಿಗಳಲ್ಲಿ ಮರಣವನ್ನು ಶೇಕಡಾ 5.6ಕ್ಕೆ ಇಳಿಸಿದ ಮೇಲೆ, ತಾನೇ ಅದನ್ನು ತೊರೆದು ತಲೆಬುರುಡೆಯನ್ನು ತೆರೆಯುವ ವಿಧಾನಕ್ಕೆ ಮರಳಿದನು. ಅವನ ಕೀರ್ತಿಯ ಭಾರಕ್ಕೆ ಮಣಿದು ವೈದ್ಯಲೋಕದ ಬಹುಭಾಗವೂ ಅದನ್ನು ಮರೆತಿತು. ಎಡಿನ್‌ಬರೋದ ಡಾಟ್, ಪ್ಯಾರಿಸಿನ ಗಿಯೋ, ಮಾಂಟ್ರಿಯಲ್ಲಿನ ಹಾರ್ಡಿ—ಹೀಗೆ ಗುರುಶಿಷ್ಯ ಪರಂಪರೆಯೊಂದು ಅದನ್ನು ಉಳಿಸಿಕೊಂಡು ಬಾರದಿದ್ದಲ್ಲಿ ಇಂದಿನ ಶಸ್ತ್ರಕ್ರಿಯೆಯೇ ಬೇರೆಯಾಗಿರುತ್ತಿತ್ತು. ದೋಷವಿದ್ದುದು ಮಾರ್ಗದಲ್ಲಿ ಅಲ್ಲ, ಬೆಳಕಿನ ಅಭಾವದಲ್ಲಿ ಎಂಬುದು ಹಾರ್ಡಿಯ ಸೂಕ್ಷ್ಮದರ್ಶಕದಿಂದ ಸಿದ್ಧವಾಯಿತು; ಗ್ರಂಥಿಯನ್ನು ಉಳಿಸಿ ಗಡ್ಡೆಯನ್ನಷ್ಟೇ ಬಿಡಿಸುವುದು ಸಾಧ್ಯವಾಯಿತು. ಕುಗ್ಗುತ್ತಿದ್ದ ದೃಷ್ಟಿಯನ್ನು ಕೆಲವೇ ದಿನಗಳಲ್ಲಿ ಮರಳಿಸಬಲ್ಲ ಈ ಚಿಕಿತ್ಸೆಯನ್ನು, ನುರಿತ ಕೈ ದೊರೆಯುವಲ್ಲಿ, ಮೊದಲಿಗಿಡಬೇಕೆಂದೇ ನನ್ನ ಮತ. ಪ್ರೋಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುವ ಗಡ್ಡೆ ಮಾತ್ರ ಇದಕ್ಕೆ ಅಪವಾದ. ಅದು ಹೆಚ್ಚಾಗಿ ಗುಳಿಗೆಗೇ ಕುಗ್ಗುತ್ತದೆ.

ಆದರೆ ಗಡ್ಡೆಯು ಪಕ್ಕದ ರಕ್ತನಾಳಗಳನ್ನು ಸುತ್ತಿಕೊಂಡಿರುವಲ್ಲಿ ಶಸ್ತ್ರವು ನಿಲ್ಲಲೇಬೇಕು. ಅಲ್ಲಿಂದ ಮುಂದಿನದು ವಿಕಿರಣದ ಕ್ಷೇತ್ರ. 1909ರಲ್ಲಿ ಪ್ಯಾರಿಸಿನ ಬೆಕ್ಲೇರ್ ಎಕ್ಸ್-ಕಿರಣಗಳಿಂದ ಆರಂಭಿಸಿದ ಈ ಕ್ರಮ, ಸುಮಾರು 45ರಿಂದ 54 ಗ್ರೇ ವಿಕಿರಣಪ್ರಮಾಣವನ್ನು ಐದಾರು ವಾರಗಳಲ್ಲಿ ಹಂಚಿಕೊಡುವ ಪದ್ಧತಿಯಾಗಿ ನೆಲೆಗೊಂಡಿತು. 1968ರಲ್ಲಿ ಸ್ಟಾಕ್‌ಹೋಮಿನಲ್ಲಿ ಲೆಕ್ಸೆಲ್ ಬಳಕೆಗೆ ತಂದ ಗಾಮಾ ನೈಫ್ ಎಂಬ ಕಿರಣಯಂತ್ರವು ಒಂದೇ ದಿನದಲ್ಲಿ ಚಿಕಿತ್ಸೆಯನ್ನು ಮುಗಿಸಬಲ್ಲುದಾದರೂ, ಗಡ್ಡೆಯು ದೃಷ್ಟಿನರಕ್ಕೆ ತಾಗಿರುವಲ್ಲಿ ಅದನ್ನು ಪ್ರಯೋಗಿಸಲಾಗದು.

ವಿಕಿರಣವನ್ನು ಪ್ರಶಂಸಿಸುವವರು ಗಡ್ಡೆ ಬೆಳೆಯದೆ ನಿಂತುದನ್ನೇ ವಿಜಯವೆಂದು ಎಣಿಸುವುದು ನನಗೆ ಸಮ್ಮತವಲ್ಲ. ಬೆಳವಣಿಗೆಯ ಹಾರ್ಮೋನಿನ ಅತಿಸ್ರಾವದಿಂದ ಕೈಕಾಲು, ಮುಖ, ಹೃದಯಗಳು ಬೆಳೆಯುತ್ತಿರುವ ರೋಗಿಗೆ ಬೇಕಾದುದು ಹಾರ್ಮೋನಿನ ಇಳಿಕೆ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಕಿರಣವು ಆರೋಗ್ಯವಾಗಿದ್ದ ಗ್ರಂಥಿಭಾಗವನ್ನೂ ಮೆಲ್ಲಮೆಲ್ಲನೆ ಸೊರಗಿಸುತ್ತಿರುತ್ತದೆ. ಶಸ್ತ್ರದ ಹಾನಿ, ಮೂಗಿನಿಂದ ಮೆದುಳಿನ ದ್ರವ ಸೋರುವುದಾಗಲಿ, ತಣಿಯದ ಬಾಯಾರಿಕೆ ಮತ್ತು ಅತಿಮೂತ್ರವಾಗಲಿ, ಹೆಚ್ಚಾಗಿ ಆಸ್ಪತ್ರೆಯಲ್ಲಿರುವಾಗಲೇ ಕಣ್ಣಿಗೆ ಬೀಳುತ್ತದೆ. ಕಿರಣದ ಹಾನಿಯಾದರೋ ರೋಗಿಯು ಊರಿಗೆ ಮರಳಿ, ತಾನು ಗುಣವಾದೆನೆಂದು ನಂಬಿ, ಪರೀಕ್ಷೆಗೆ ಬರುವುದನ್ನು ಬಿಟ್ಟ ಮೇಲೆ ತಲೆದೋರುತ್ತದೆ. ಹೀಗೆ ಗ್ರಂಥಿ ಸೊರಗಿ ಕಾರ್ಟಿಸೋಲ್ ಎಂಬ ಹಾರ್ಮೋನು ಕುಗ್ಗಿದವನಿಗೆ ಸಾಮಾನ್ಯ ಜ್ವರವೂ ಪ್ರಾಣಾಂತಕವಾಗಬಹುದು. ಆದುದರಿಂದ ಪ್ರತಿವರ್ಷದ ರಕ್ತಪರೀಕ್ಷೆಯ ವ್ಯವಸ್ಥೆಯನ್ನೂ, ಜ್ವರ ಬಂದಾಗ ಕಾರ್ಟಿಸೋಲಿನ ಕೊರತೆಗೆ ಕೊಡುವ ಗುಳಿಗೆಯನ್ನು ಎಷ್ಟು ಹೆಚ್ಚಿಸಬೇಕೆಂಬುದನ್ನು ಸ್ಪಷ್ಟವಾಗಿ ಬರೆದ ಚೀಟಿಯನ್ನೂ ಕೊಡದೆ ರೋಗಿಯನ್ನು ಮನೆಗೆ ಕಳಿಸುವ ಕಿರಣಚಿಕಿತ್ಸೆಯನ್ನು, ಅದರ ಯಂತ್ರವೆಷ್ಟೇ ನಿಖರವಾಗಿರಲಿ, ಪೂರ್ಣವಾದ ಚಿಕಿತ್ಸೆಯೆಂದು ನಾನು ಒಪ್ಪಲಾರೆ.