ಮನೆಯೊಳಗೊಂದು ಮೂಕಜೀವಿ: ‘777 ಚಾರ್ಲಿ’ ಚಿತ್ರದ ವಿಮರ್ಶೆ

ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ 2022ರ ಜೂನ್ ತಿಂಗಳಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. 69ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಗೆ ಪಾತ್ರವಾಯಿತು. ಪ್ರೇಕ್ಷಕರ ಕಣ್ಣನ್ನು ತೇವಗೊಳಿಸಿದ ಚಿತ್ರವೆಂದು ಅದರ ಖ್ಯಾತಿ. ಆದರೆ ಕಣ್ಣೀರು ಕೃತಿಯೊಂದರ ಮೌಲ್ಯಮಾಪನಕ್ಕೆ ಸಾಕಾದ ಅಳತೆಗೋಲಲ್ಲ. ಮನೆಯಲ್ಲಿ ಪ್ರಾಣಿಯೊಂದನ್ನು ಇರಿಸಿಕೊಳ್ಳುವುದೆಂದರೇನು, ಅದರಿಂದ ಮನೆಯ ಸ್ವರೂಪ ಹೇಗೆ ಮಾರ್ಪಡುತ್ತದೆ ಎಂಬ ಪ್ರಶ್ನೆಗಳನ್ನು ಚಿತ್ರವು ಎತ್ತುತ್ತದೆ. ಅವುಗಳಿಗೆ ಅದು ಎಷ್ಟರಮಟ್ಟಿಗೆ ಉತ್ತರಿಸುತ್ತದೆ ಎಂಬುದು ಇಲ್ಲಿ ವಿಚಾರಣೀಯ.

ಕಥಾನಾಯಕ ಧರ್ಮ ಬಾಲ್ಯದಲ್ಲಿಯೇ ಕುಟುಂಬವನ್ನು ಕಳೆದುಕೊಂಡವನು. ಕಾರ್ಖಾನೆಯ ದುಡಿಮೆ, ಇಡ್ಲಿ, ಸಿಗರೇಟು, ಮದ್ಯ, ದೂರದರ್ಶನದಲ್ಲಿ ಚಾಪ್ಲಿನ್: ಇಷ್ಟೇ ಅವನ ದಿನಚರಿ. ಅವನಿಗೆ ಸೂರು ಇದೆ, ಮನೆಯಿಲ್ಲ. ಕ್ರೂರಿಯಾದ ತಳಿಸಾಕಣೆದಾರನಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ನಾಯಿಯೊಂದು ಅಲ್ಲಿಗೆ ಬಂದ ಬಳಿಕ ಸ್ಥಿತಿ ಬದಲಾಗುತ್ತದೆ. ವಸ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅಭ್ಯಾಸಗಳು ಕೆಡುತ್ತವೆ. ಆದರೆ ಬಾಗಿಲ ಹಿಂದೆ ಕಾಯುವ ಜೀವವೊಂದು ಇರುವುದರಿಂದ ಮರಳಿ ಬರುವುದಕ್ಕೆ ಅರ್ಥವುಂಟಾಗುತ್ತದೆ. ನೆರೆಹೊರೆಯವರೊಡನೆ ಮಾತು ಮೊದಲಾಗುತ್ತದೆ. ಉಪದೇಶದ ಮಾತಿಲ್ಲದೆ ಈ ಮಾರ್ಪಾಟನ್ನು ತೋರಿಸಿರುವುದು ಚಿತ್ರದ ಪೂರ್ವಾರ್ಧದ ನಿಜವಾದ ಸಾಧನೆ.

ಚಿತ್ರದ ಎರಡನೆಯ ಗುಣ ಅದರ ವ್ಯಾಪಾರವಿಮರ್ಶೆ. ಚಾರ್ಲಿಯ ಕ್ಯಾನ್ಸರ್ ರೋಗಕ್ಕೆ ಮೂಲ ಸಮೀಪದ ರಕ್ತಸಂಬಂಧಿಗಳ ನಡುವೆ ನಡೆಸಿದ ಸಂತಾನೋತ್ಪತ್ತಿ. ತಳಿಯ ಶುದ್ಧಿಗೆ ಬೆಲೆ ಕಟ್ಟುವವರು ಇದ್ದುದರಿಂದಲೇ ಈ ಪದ್ಧತಿ ಬೆಳೆಯಿತು. ಸರಕಿನ ದೋಷಕ್ಕೆ ಮಾರುವವನು ಹೊಣೆ ಎಂಬುದು ವ್ಯಾಪಾರನೀತಿ. ಜೀವವನ್ನೇ ಸರಕಾಗಿಸಿದಾಗ ಕೊಳ್ಳುವವನೂ ಹೊಣೆಗಾರನಾಗುತ್ತಾನೆ. ಪ್ರಾಣಿಯನ್ನು ಕಟ್ಟಿಹಾಕುವುದನ್ನೂ ಅದರ ಅನ್ನಪಾನಗಳನ್ನು ತಡೆಯುವುದನ್ನೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಪರಂಪರೆಗೆ ಈ ಮಾತು ಹೊಸದಲ್ಲ.

ಆದರೆ ಉತ್ತರಾರ್ಧದಲ್ಲಿ ಚಿತ್ರವು ತಾನೇ ಎತ್ತಿದ ಪ್ರಶ್ನೆಯಿಂದ ಜಾರಿಕೊಳ್ಳುತ್ತದೆ. ಧರ್ಮ ಮನೆ ತೊರೆದು, ಹಿಮವನ್ನು ತೋರಿಸಲು ಚಾರ್ಲಿಯನ್ನು ಕಾಶ್ಮೀರದತ್ತ ಒಯ್ಯುತ್ತಾನೆ. ದೃಶ್ಯಗಳು ರಮಣೀಯ, ತ್ಯಾಗ ದೊಡ್ಡದು. ಆದರೆ ಮರಣವು ಸಮೀಪಿಸಿದಾಗ ಭಕ್ತಿಯಿಂದ ಸೇವೆ ಮಾಡುವುದಕ್ಕಿಂತ, ಮರಣದ ಸುಳಿವಿಲ್ಲದ ಸಾವಿರಾರು ದಿನಗಳಲ್ಲಿ ಬೇಸರಿಸದೆ ಸೇವೆ ಮಾಡುವುದು ಕಷ್ಟ. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬಾಳುತ್ತದೆ. ಅಷ್ಟು ಕಾಲ ಬೆಳಗು ಸಂಜೆ ಅದನ್ನು ಹೊರಗೆ ಕರೆದೊಯ್ಯುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳನ್ನು ಕಥೆಯೊಳಗಿನ ರೋಗವು ಅಳಿಸಿಹಾಕುತ್ತದೆ. ಗೃಹಸ್ಥನ ನಿತ್ಯಕರ್ತವ್ಯ ವೀರಕಥೆಯಾಗಿ ಪರಿವರ್ತಿತವಾದುದೇ ಇಲ್ಲಿನ ಮುಖ್ಯ ದೋಷ.

ಈ ದೋಷವನ್ನು ಅಲಕ್ಷಿಸುವಂತಿಲ್ಲ. ನಗರಗಳಲ್ಲಿ ಮನೆಯ ಆಯ್ಕೆಯೇ ಇಂದು ಸಾಕುಪ್ರಾಣಿಯನ್ನು ಅವಲಂಬಿಸುವುದುಂಟು. ನೆಲಮಹಡಿಯೋ ಮೇಲ್ಮಹಡಿಯೋ, ಅಂಗಳವಿದೆಯೋ ಇಲ್ಲವೋ, ಮಾಲೀಕರು ಒಪ್ಪುವರೋ ಇಲ್ಲವೋ ಎಂಬುದನ್ನು ಸಾಕುವವರು ಮೊದಲು ವಿಚಾರಿಸಬೇಕಾಗುತ್ತದೆ. ಬಹುಮತದ ನಿರ್ಣಯದಿಂದಲೂ ನಿವಾಸಿಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು. ಫ್ಲ್ಯಾಟ್ ಒಂದಕ್ಕೆ ಒಂದೇ ನಾಯಿ ಎಂದು ಮಿತಿಗೊಳಿಸಲು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2018ರಲ್ಲಿ ಮುಂದಾದಾಗ ತೀವ್ರ ವಿರೋಧ ಎದುರಾಯಿತು. ಸಾಕುವವರ ಹಕ್ಕಿನ ಚರ್ಚೆ ಹೀಗೆ ಸಾಕಷ್ಟು ನಡೆದಿದೆ. ಸಾಕಲ್ಪಡುವ ಜೀವದ ಹಕ್ಕಿನ ಚರ್ಚೆ ಕಡಿಮೆ. 1960ರ ಪ್ರಾಣಿಹಿಂಸಾ ತಡೆ ಕಾಯ್ದೆ ಸಕಾರಣವಿಲ್ಲದೆ ಪ್ರಾಣಿಯನ್ನು ನೋವು, ಹಸಿವು, ಬಾಯಾರಿಕೆಗೆ ಈಡಾಗುವಂತೆ ತೊರೆಯುವುದನ್ನು ಅಪರಾಧವೆಂದು ಸಾರಿದರೂ, ಮೊದಲ ಅಪರಾಧಕ್ಕೆ ಅದು ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ ಮಾತ್ರ. ಇಷ್ಟು ಅಲ್ಪ ದಂಡದ ಭಯದಿಂದ ಯಾರೂ ಕರ್ತವ್ಯ ಪಾಲಿಸಲಾರರು. ಅದು ಮನಸ್ಸಾಕ್ಷಿಯಿಂದಲೇ ಬರಬೇಕು.

ಆದ್ದರಿಂದ ಕುಟುಂಬಗಳು ಈ ಚಿತ್ರವನ್ನು, ವಿಶೇಷವಾಗಿ ಅದರ ಪೂರ್ವಾರ್ಧವನ್ನು, ಮಕ್ಕಳೊಡನೆ ನೋಡುವುದು ಉಪಯುಕ್ತ. ಚಿತ್ರ ಮುಗಿದೊಡನೆ ಮಗು ನಾಯಿಮರಿಯನ್ನು ಬೇಡಿದರೆ, ಕೊಡಿಸುವ ಮೊದಲು ಹನ್ನೆರಡು ವರ್ಷಗಳ ಹೊಣೆಯ ಲೆಕ್ಕವನ್ನು ಅದರ ಮುಂದಿಡಬೇಕು. ತಮ್ಮ ಕಟ್ಟಡಗಳನ್ನು ಬಾಡಿಗೆಗೆ ಕೊಡುವ ಟ್ರಸ್ಟುಗಳೂ ಸಾಕುಪ್ರಾಣಿಗಳ ವಿಷಯದಲ್ಲಿ ತಮ್ಮ ನಿಲುವನ್ನು ಕರಾರಿನಲ್ಲಿಯೇ ಸ್ಪಷ್ಟಪಡಿಸುವುದು ಲೇಸು. ನಡುವೆ ಎದ್ದ ಆಕ್ಷೇಪದಿಂದ ಬಾಡಿಗೆದಾರನು ಮನೆ ಬದಲಿಸಬಹುದು. ಅವನು ಬಿಟ್ಟುಹೋದ ಪ್ರಾಣಿಗೆ ಬೇರೆ ಮನೆ ದೊರೆಯುವುದು ದುರ್ಲಭ.